ಮಿನತಮ್ಮನ ಸೀರೆ

ರಾಜಾಜಿನಗರ, ಬೆಂಗಳೂರು
ಭಾನುವಾರ, 5 ಸೆಪ್ಟೆಂಬರ್ 1971

ಪ್ರೀತಿಯ ಅಂಬುಜಕ್ಕನಿಗೆ ಜಲಜಾ ಮಾಡುವ ನಮಸ್ಕಾರಗಳು.

ಗೌರಿಹಬ್ಬಕ್ಕೆ ಅಮ್ಮ ಕಳಿಸಿದ ಬಾಗಿನದ ಪಾರ್ಸೆಲ್ ಮುಟ್ಟಿತೋ ಇಲ್ಲವೋ ಎಂದು ತಿಳಿಸಲಿಕ್ಕಾದರೂ ನೀನು ಒಂದು ಸಾಲು ಬರೆಯಬಾರದೇ? ಮೂರು ವಾರವಾಯಿತು. ಅಮ್ಮ ದಿನಾ ಪೋಸ್ಟ್‌ಮ್ಯಾನ್ ಚನ್ನಮಲ್ಲಪ್ಪನವರನ್ನು ಗೇಟಿನಲ್ಲಿ ಅಡ್ಡಹಾಕುತ್ತಾಳೆ. ಮೊನ್ನೆ ಅವರು ತಡೆಯಲಾರದೆ, "ಅಮ್ಮಾವ್ರೇ, ಕಲ್ಕತ್ತದಿಂದ ಬಂದ್ರೆ ಎರಡು ಸಲ ಬೆಲ್ ಹೊಡೀತೀನಿ. ಇಲ್ದಿದ್ರೆ ಒಂದೇ ಸಲ. ನೀವು ಒಳಗಿದ್ದು ಅಡುಗೆ ಮಾಡ್ಕೊಳ್ಳಿ" ಅಂದರು. ಅಂದಿನಿಂದ ಒಂದೇ ಬೆಲ್.

ನನ್ನ ರಿಸಲ್ಟ್ ಗೊತ್ತಾಗಿರಬೇಕು. ಇಂಗ್ಲಿಷ್ ಸಾಹಿತ್ಯದಲ್ಲಿ ಫಸ್ಟ್ ಕ್ಲಾಸ್. ಅಪ್ಪ ಪೇಪರಿನಲ್ಲಿ ನಂಬರ್ ನೋಡಿ, ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಕಾಫಿ ಕುಡಿದು ಆಫೀಸಿಗೆ ಹೋದರು. ಅಷ್ಟೇ. ಆದರೆ ದೀಪಾವಳಿ ಮುಗಿದ ಮೇಲೆ ನನ್ನನ್ನು ನಿನ್ನಲ್ಲಿಗೆ ಕಳಿಸಲು ಒಪ್ಪಿದ್ದಾರೆ. ಭಾವ ಎಂ.ಎ. ಅರ್ಜಿ ತರಿಸಿಟ್ಟಿದ್ದಾರಲ್ಲ, ಅದು ಜೋಪಾನ. ನಿಮ್ಮ ಮೆಟ್ಟಿಲ ಪಕ್ಕದ ಕೋಣೆಯ ಕಿಟಕಿ ಈಗಲೂ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆಯೇ? ಹೋದ ವರ್ಷ ಬಂದಾಗ ಆ ಕೋಣೆಯಲ್ಲಿ ನನ್ನ ಹಸಿರು ಸೀರೆ ಬಿಟ್ಟು ಬಂದದ್ದು ಮರೆತು ಅಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ಜಿರಲೆ ಮುಟ್ಟದಂತೆ ನೋಡಿಕೋ.

ಇಲ್ಲಿದ್ದರೆ ಎರಡನೇ ಬ್ಲಾಕಿನ ಟೈಪಿಂಗ್ ಕ್ಲಾಸು, ಅದಾದ ಮೇಲೆ ಹೆಣ್ಣು ನೋಡುವ ಶಾಸ್ತ್ರ. ಬಂದವರ ಎದುರು ನನಗೆ ಬಾಯೇ ಬರುವುದಿಲ್ಲವೆಂದು ನಿನಗೆ ಗೊತ್ತು. ಆದ್ದರಿಂದ ಬೇಗ ಬರೆ. ನಿನ್ನ ಕಾಗದವನ್ನು ಅಪ್ಪ ಊಟವಾದ ಮೇಲೆ ಎಲ್ಲರಿಗೂ ಕೇಳುವಂತೆ ಓದುತ್ತಾರೆ. ನನಗೊಬ್ಬಳಿಗೇ ಒಂದು ಸಾಲನ್ನು ಮೂಲೆಯಲ್ಲಿ ಸಣ್ಣದಾಗಿ ಬರೆ.

ನಿನ್ನ,
ಜಲಜಾ

*

ಲೇಕ್ ಮಾರ್ಕೆಟ್ ಹತ್ತಿರ, ಕಲ್ಕತ್ತ
19 ಸೆಪ್ಟೆಂಬರ್ 1971

ಚಿ. ಜಲಜಾಳಿಗೆ ಅಕ್ಕನ ಆಶೀರ್ವಾದ.

ಬಾಗಿನ ಮುಟ್ಟಿತು. ನನಗೆ ಮಳೆಗಾಲದ ಜ್ವರ ಬಂದಿತ್ತು, ಈಗ ಏನೂ ಇಲ್ಲ, ಅಮ್ಮ ಗಾಬರಿಯಾಗಬಾರದು. ನಿನ್ನ ಫಸ್ಟ್ ಕ್ಲಾಸಿಗೆ ನಿನ್ನ ಭಾವ ಸಂದೇಶ್ ಮಿಠಾಯಿ ತಂದು ನಿನ್ನ ಪಾಲನ್ನೂ ತಾವೇ ತಿಂದರು.

ಇಲ್ಲಿಯ ಸಂಗತಿ ನೀವು ಪೇಪರಿನಲ್ಲಿ ಓದುತ್ತಿರಬೇಕು. ಪೂರ್ವ ಪಾಕಿಸ್ತಾನದಿಂದ ಗಡಿ ದಾಟಿ ಬರುವ ನಿರಾಶ್ರಿತರಿಗೆ ಕೊನೆಯೇ ಇಲ್ಲ. ಊರ ಹೊರಗಿನ ದೊಡ್ಡ ಶಿಬಿರದಲ್ಲಿ ಚರಂಡಿಯ ಸಿಮೆಂಟು ಕೊಳವೆಗಳೊಳಗೂ ಜನ ಸಂಸಾರ ಮಾಡುತ್ತಿದ್ದಾರೆ. ನಮ್ಮ ಬೀದಿಯ ಹೆಂಗಸರ ಜೊತೆ ನಾನೂ ಅಲ್ಲಿಗೆ ಖಿಚಡಿ ಬಡಿಸಲು ಹೋಗುತ್ತಿದ್ದೆ. ಅಲ್ಲಿ ಸಿಕ್ಕಿದವಳು ಮಿನತಿ. ಖುಲ್ನಾ ಕಡೆಯ ಹಳ್ಳಿಯವಳು, ಹತ್ತೊಂಬತ್ತು ವರ್ಷ. ತಾಯಿ ದಾರಿಯಲ್ಲೇ ತೀರಿಕೊಂಡರಂತೆ. ಅಣ್ಣ ನದಿ ದಾಟುವಾಗ ಬೇರೆ ದೋಣಿ ಹತ್ತಿದವನು ಮತ್ತೆ ಕಾಣಲಿಲ್ಲ. ಅವಳನ್ನು ಮನೆಗೆ ಕರೆತಂದಿದ್ದೇನೆ. ಮೆಟ್ಟಿಲ ಪಕ್ಕದ ಕೋಣೆಯಲ್ಲಿದ್ದಾಳೆ. ನಿನ್ನ ಹಸಿರು ಸೀರೆ ಅವಳಿಗೆ ಕೊಟ್ಟೆ. ನೀನು ಬೇಜಾರು ಮಾಡಿಕೊಳ್ಳುವವಳಲ್ಲ ಎಂದು ಗೊತ್ತು.

ನೀನು ಬರುವುದನ್ನು ಸ್ವಲ್ಪ ಮುಂದಕ್ಕೆ ಹಾಕೋಣ. ಎಷ್ಟು ದಿನವೆಂದು ಈಗಲೇ ಹೇಳಲಾರೆ. ಅಮ್ಮನ ಹತ್ತಿರ ಹಳೆಯ, ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಗಳಿದ್ದರೆ ಎರಡು ಕಳಿಸು. ಹೊಸದು ಬೇಡ. ಮೆತ್ತಗಿರಬೇಕು.

ಅಕ್ಕ

*

ರಾಜಾಜಿನಗರ
ಗುರುವಾರ, 30 ಸೆಪ್ಟೆಂಬರ್ 1971

ಅಕ್ಕನಿಗೆ ನಮಸ್ಕಾರಗಳು.

ಎರಡು ಬೆಲ್ ಹೊಡೆದ ದಿನ ಅಮ್ಮ ಒಲೆಯ ಮೇಲೆ ಹಾಲು ಬಿಟ್ಟು ಓಡಿದಳು. ಹಾಲು ಉಕ್ಕಿ ಹೋಯಿತು. ಅಪ್ಪ ಕಾಗದವನ್ನು ಎರಡು ಸಲ ಓದಿದರು. ಮಿನತಿಯ ತಾಯಿಯ ಸಾಲು ಬಂದಾಗ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ನನ್ನ ರಿಸಲ್ಟ್ ದಿನ ಕನ್ನಡಕ ಒರೆಸಿಕೊಂಡ ನೆನಪು ನನಗಿಲ್ಲ. ಕಾಗದದ ಮೂಲೆಗಳನ್ನೂ ಹುಡುಕಿದೆ. ಸಣ್ಣ ಅಕ್ಷರದ್ದು ಏನೂ ಇರಲಿಲ್ಲ.

ಸೀರೆಗೆ ನಾನೇಕೆ ಬೇಜಾರಾಗಲಿ? ಅದು ನನಗೆ ಸ್ವಲ್ಪ ಗಿಡ್ಡವೇ ಇತ್ತು. ಅವಳಿಗೆ ಹೊಂದುತ್ತದೆಯೇ? ಸಾಸಿವೆ ಬಣ್ಣದ ಅಂಚು ಬಣ್ಣ ಬಿಡುತ್ತದೆ, ಬೇರೆ ಬಟ್ಟೆಯ ಜೊತೆ ನೆನೆಸಬಾರದೆಂದು ಅವಳಿಗೆ ಹೇಳು.

ಗೊಂಬೆ ಕೂರಿಸಿದ್ದೆವು. ಎದುರು ಮನೆ ನೀಲಮ್ಮನವರು ಆರತಿಗೆ ಬಂದವರು ನನ್ನ ಕೈಗೆ ಕುಂಕುಮದ ಬಟ್ಟಲು ಕೊಡುತ್ತಾ, "ಏನೇ ಜಲಜಾ, ನಿಮ್ಮಕ್ಕ ಅಲ್ಲಿ ಹೊಸ ತಂಗೀನ ಮಾಡ್ಕೊಂಡಿದಾಳಂತೆ? ಹಳೇದನ್ನ ಏನು ಮಾಡ್ತಾಳಂತೆ?" ಎಂದು ನಕ್ಕರು. ನಾನೂ ನಕ್ಕೆ. ಇಪ್ಪತ್ತು ಜನರ ಎದುರು ಮತ್ತೇನು ಮಾಡುವುದು? ಅಮ್ಮ ಮಾತ್ರ ಬಂದವರಿಗೆಲ್ಲ ನಿನ್ನ ಪುಣ್ಯದ ಕಥೆ ಹೇಳಿದಳು. ಕೋಸಂಬರಿ ಹಂಚುತ್ತಾ ನಾನು ಅದನ್ನು ಒಂಬತ್ತು ದಿನ ಕೇಳಿದೆ.

ಮೆತ್ತಗಿನ ಸೀರೆ ಸಿಗಲಿಲ್ಲ. ಗಂಜಿ ಹಾಕಿದ ಎರಡು ಕಳಿಸಿದ್ದೇನೆ. ಅವೂ ಚೆನ್ನಾಗಿಯೇ ಇವೆ.

ಅವಳ ತಲೆ ನೀನೇ ಬಾಚುತ್ತೀಯಾ? ಸುಮ್ಮನೆ ಕೇಳಿದೆ.

ಜಲಜಾ

*

ಕಲ್ಕತ್ತ
14 ಅಕ್ಟೋಬರ್ 1971

ಚಿ. ಜಲಜಾಳಿಗೆ ಆಶೀರ್ವಾದ.

ಸೀರೆಗಳು ಬಂದವು. ಮಿನತಿ ಅವನ್ನು ಮೂರು ಸಲ ಬಿಸಿನೀರಿನಲ್ಲಿ ಹಾಕಿ ಮೆತ್ತಗೆ ಮಾಡಿಕೊಟ್ಟಳು.

ತಲೆ ಬಾಚುವುದು ನಾನಲ್ಲ, ಅವಳೇ ನನಗೆ ಬಾಚುತ್ತಾಳೆ. ಅಡುಗೆಯೂ ಅವಳದೇ. ನಮ್ಮ ಸಾರು ಕಲಿತುಬಿಟ್ಟಿದ್ದಾಳೆ, ಒಂದು ಚಿಟಿಕೆ ಸಕ್ಕರೆ ಮಾತ್ರ ಕೈ ತಪ್ಪಿ ಬೀಳುತ್ತದೆ. ಊಟ ಮಾಡುವಾಗ ನಿನ್ನ ಹಾಗೇ ಕಿರುಬೆರಳು ಮೇಲೆತ್ತಿಕೊಂಡಿರುತ್ತಾಳೆ. ಮೊದಲ ದಿನ ನೋಡಿ ನನಗೆ ಅಳು ಬಂತು. ನಿನ್ನ ಬಗ್ಗೆ ಬಹಳ ಕೇಳುತ್ತಾಳೆ. ನೀನು ಯಾವಾಗ ಬರುತ್ತೀಯೆಂದು ದಿನಕ್ಕೊಮ್ಮೆ ಕೇಳುತ್ತಾಳೆ. ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ನಾನು ಈಗ ಶಿಬಿರಕ್ಕೆ ಹೋಗುತ್ತಿಲ್ಲ. ಮಧ್ಯಾಹ್ನ ಮಲಗುತ್ತೇನೆ. ಇದನ್ನು ಓದಿ ನೀವು ಯಾರೂ ಏನೇನೋ ಕಲ್ಪಿಸಿಕೊಳ್ಳಬೇಡಿ. ಆಯಾಸ ಅಷ್ಟೇ.

ದೀಪಾವಳಿಗೆ ನಾನು ಬರುವುದಿಲ್ಲ. ನಿನ್ನ ಕಾಗದದಲ್ಲಿ ನಗುವೇ ಇರಲಿಲ್ಲ, ಟೈಪಿಂಗ್ ಕ್ಲಾಸು ಅಷ್ಟು ಕಷ್ಟವೇ?

ಅಕ್ಕ

*

ರಾಜಾಜಿನಗರ
ಮಂಗಳವಾರ, 16 ನವೆಂಬರ್ 1971

ಅಕ್ಕನಿಗೆ ನಮಸ್ಕಾರಗಳು.

ತಿಂಗಳಿನಿಂದ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಇದೆ. ನಾನು ಮೊನ್ನೆ ಭಾನುವಾರ ಕೆಂಗೇರಿಯಿಂದ ರಾಜಾಜಿನಗರದವರೆಗೆ ನಡೆದೆ. ನಿರಾಶ್ರಿತರಿಗಾಗಿ. ಅಂಗಾಲಿನಲ್ಲಿ ನಾಲ್ಕು ಬೊಬ್ಬೆ ಎದ್ದಿವೆ. ಅಪ್ಪ ತಾವೇ ಬಿಸಿನೀರು ಕಾಸಿ ಉಪ್ಪು ಹಾಕಿ ಕೊಟ್ಟರು.

ಇದು ಪುಟ್ಟಲಕ್ಷ್ಮಿ ಟೀಚರ್ ಏರ್ಪಾಡು. ನಿನಗೂ ಗಣಿತ ಕಲಿಸಿದವರು. ಈಗ ರಿಟೈರಾಗಿ ಭಜನಾ ಮಂಡಳಿ ನಡೆಸುತ್ತಾರೆ. ಮಂಡಳಿಯವರೆಲ್ಲ ಬೆಳಿಗ್ಗೆ ಬಸ್ಸಿನಲ್ಲಿ ಕೆಂಗೇರಿಗೆ ಹೋಗುವುದು, ದಾರಿಯ ಮನೆಮನೆಯಲ್ಲೂ ಬಟ್ಟೆ, ಅಕ್ಕಿ ಬೇಡುತ್ತಾ ವಾಪಸು ನಡೆದು ಬರುವುದು, ಎಲ್ಲವನ್ನೂ ರೈಲಿಗೆ ಹಾಕಿಸಿ ನಿಮ್ಮ ಕಡೆ ಕಳಿಸುವುದು. ಕಾರ್ತಿಕದ ಸೇವೆ. "ನಾನು ಬರಲ್ಲ ಟೀಚರ್, ಬೇಡೋದಕ್ಕೆ ನನಗೆ ನಾಚಿಕೆ" ಅಂದೆ. "ನಾಚಿಕೆ ಇರೋರೇ ಬೇಡ್ಬೇಕು ಕಣೇ. ಇಲ್ದೋರು ಬೇಡಿದ್ರೆ ಅದರಲ್ಲೇನಿದೆ ಹೆಚ್ಚುಗಾರಿಕೆ?" ಎಂದರು. ಅವರ ಹತ್ತಿರ ವಾದ ನಿಲ್ಲುವುದಿಲ್ಲ. ನಾನು ಒಪ್ಪಿದೆ. ಭಕ್ತಿಯಿಂದಲೇ ಒಪ್ಪಿದೆ.

ಕೆಂಗೇರಿಯ ಆಂಜನೇಯನ ಗುಡಿಯಲ್ಲಿ ಸಂಕಲ್ಪ. ಟೀಚರ್ ಮೊದಲೇ ಹೇಳಿದ್ದರು, "ಸುಮ್ನೆ ನಡೆದ್ರೆ ವಾಕಿಂಗು. ಒಬ್ಬರ ಹೆಸರು ಹೇಳಿ ನಡೆದ್ರೆ ಸೇವೆ." ಅರ್ಚಕರು ಅಕ್ಷತೆ ಹಿಡಿದು ಯಾರ ಹೆಸರಿನಲ್ಲಿ ಎಂದು ಕೇಳಿದರು. ಎಲ್ಲರೂ ಒಟ್ಟಿಗೆ "ನಿರಾಶ್ರಿತರು" ಅಂದರು. ಅರ್ಚಕರಿಗೆ ಸಿಟ್ಟು ಬಂತು. "ನಿರಾಶ್ರಿತರು ಅನ್ನೋದು ಹೆಸರೇನ್ರಮ್ಮಾ? ಹೆಸರು ಹೇಳ್ರೀ, ಊರು ಹೇಳ್ರೀ. ಕಾಗದಕ್ಕೆ ವಿಳಾಸ ಬೇಕು, ದೇವರಿಗೆ ಬೇಡ್ವೇ?" ಇಪ್ಪತ್ಮೂರು ಜನರಲ್ಲಿ ಒಬ್ಬರಿಗೂ ಒಬ್ಬ ನಿರಾಶ್ರಿತರ ಹೆಸರು ಗೊತ್ತಿಲ್ಲ. ಆಗ ಟೀಚರ್, "ಜಲಜಾ ಹತ್ರ ಇದೆ ಹೆಸರು!" ಎಂದರು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಹೇಳಿದೆ. ಬೇರೆ ದಾರಿ ಇರಲಿಲ್ಲ. ಗೋತ್ರ, ನಕ್ಷತ್ರ ಕೇಳಿದರು, ಗೊತ್ತಿಲ್ಲ ಅಂದೆ. ಹೀಗೆ ಇಪ್ಪತ್ಮೂರು ಜನವೂ ನಿನ್ನ ಮಿನತಿಯ ಹೆಸರಿನಲ್ಲಿ ನಡೆದೆವು. ತೀರ್ಥ ತೆಗೆದುಕೊಳ್ಳುವಾಗ ನಾನೂ ಮನಸ್ಸಿನಲ್ಲಿ ಅವಳಿಗಾಗಿ ಬೇಡಿಕೊಂಡೆ: ಅವಳ ಅಣ್ಣ ಸಿಗಲಿ, ಅವಳು ತನ್ನವರನ್ನು ಸೇರಲಿ ಎಂದು. ಹೊರಗೆ ಬಂದ ಮೇಲೆ ಟೀಚರಿಗೆ ಇದನ್ನು ಹೇಳಿದೆ. ಅವರು ನನ್ನ ತಲೆ ಸವರಿದರು.

ಮುಂದಿನದು ಕೇಳು. ನಮ್ಮ ಬೀದಿಯ ಇಸ್ತ್ರಿ ಹನುಮಯ್ಯ ತನ್ನ ತಳ್ಳುಗಾಡಿ ತಂದಿದ್ದ. ನಾವು ಹೆಂಗಸರು ಬಾಗಿಲಲ್ಲಿ ನಿಂತು ಮೆಲ್ಲಗೆ ಭಜನೆ ಹೇಳಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಅವನಿಗೆ ತಾಳ್ಮೆ ಕೆಟ್ಟಿತು. ಸಂಕಲ್ಪವನ್ನು ಹೊರಗೆ ನಿಂತು ಕೇಳಿದ್ದನಲ್ಲ, ಮೈಸೂರು ರಸ್ತೆಗೆ ಬಂದಕೂಡಲೇ ಗಾಡಿಯ ಮೇಲೆ ಗಂಟೆ ಬಾರಿಸುತ್ತಾ ಕೂಗತೊಡಗಿದ: "ಮಿನತಮ್ಮಂಗೆ ಸೀರೆ ಹಾಕ್ರಮ್ಮೋ! ಮಿನತಮ್ಮಂಗೆ ಅಕ್ಕಿ ಹಾಕ್ರಮ್ಮೋ!"

ಜನ ಬಂದರು ಅಕ್ಕ. ಅರಿಸಿನ ಕುಂಕುಮ ಹಿಡಿದುಕೊಂಡು ಬಂದರು. ಒಬ್ಬಳು ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ದೇವರು ಬಂದಿದೆ ಅಂದುಕೊಂಡಿದ್ದರು! ಟೀಚರ್ "ಅಯ್ಯೋ, ಅಲ್ಲಮ್ಮಾ, ಅಲ್ಲ" ಎಂದು ಒಂದು ಮನೆಯಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಹನುಮಯ್ಯ ಮೂರು ಮನೆ ಮುಂದಿರುತ್ತಿದ್ದ. ಗಾಡಿ ತುಂಬಿತು.

ನಾಯಂಡಹಳ್ಳಿಯಲ್ಲಿ ಮುನಿತಾಯಮ್ಮ ಎಂಬಾಕೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಹಂಚಿನ ಫ್ಯಾಕ್ಟರಿಯಲ್ಲಿ ಮಣ್ಣು ಹೊರುವವಳು. ಹೊಸ ಕೆಂಪು ಸೀರೆ, ಅದರ ಮೇಲೆ ವೀಳ್ಯದೆಲೆ. ಅವರ ಮಾರಮ್ಮನಿಗೆಂದು ತೆಗೆದಿಟ್ಟದ್ದಂತೆ. "ಯಾವೂರ ತಾಯವ್ವ ಇವ್ಳು, ಮಿನತಮ್ಮ?" ಎಂದಳು. ಎಂದಿನಂತೆ ನನಗೆ ಬಾಯಿ ಬರಲಿಲ್ಲ. "ಪೂರ್ವದ ಕಡೆಯವಳು" ಅಂದೆ. "ದೂರದಿಂದ ನಡ್ಕೊಂಡು ಬಂದವ್ಳಾ?" "ಹೌದು." "ಹಂಗಾರೆ ಅವ್ಳಿಗೆ ಗೊತ್ತಾಯ್ತದೆ. ನನ್ ಮಗ್ಳು ಮನೆ ಬಿಟ್ಟು ವಾದವ್ಳು ಎರಡು ವರ್ಸ ಆಯ್ತು. ಮನೆ ದಾರಿ ತೋರ್ಸು ಅಂತ ಆಯಮ್ಮಂಗೆ ಏಳು ತಾಯಿ" ಎಂದು ಸೀರೆಯನ್ನು ನನ್ನ ಮಡಿಲಿಗೆ ಹಾಕಿದಳು. ನಾನು ಸುಮ್ಮನೆ ತೆಗೆದುಕೊಂಡೆ. ಹೇಳುತ್ತೇನೆ ಎಂದೂ ಅಂದೆ.

ಆ ಸೀರೆಯನ್ನು ಗಾಡಿಗೆ ಹಾಕಲಿಲ್ಲ. ನನ್ನ ಟ್ರಂಕಿನಲ್ಲಿದೆ. ಕಳಿಸುತ್ತೇನೆ, ಯಾವಾಗಲಾದರೂ.

ಅಪ್ಪ ಈಗ ಮನೆಗೆ ಬಂದವರಿಗೆಲ್ಲ ನನ್ನ ನಡಿಗೆಯ ಕಥೆ ಹೇಳುತ್ತಿದ್ದಾರೆ. ನಾನು ನಡೆದದ್ದು ಎಂಟು ಮೈಲಿ. ಅವರ ಬಾಯಲ್ಲಿ ಅದು ಹನ್ನೆರಡಾಗಿದೆ.

ಜಲಜಾ

ಮತ್ತೆ: ನಿನ್ನೆಯಿಂದ ಪ್ರತಿ ಕಾಗದಕ್ಕೂ ಐದು ಪೈಸೆಯ ಇನ್ನೊಂದು ಸ್ಟಾಂಪು ಹಚ್ಚಬೇಕಂತೆ, ನಿರಾಶ್ರಿತರ ಪರಿಹಾರಕ್ಕೆ. ಕುಟುಂಬ ಯೋಜನೆಯ ಹಳೆ ಸ್ಟಾಂಪಿನ ಮೇಲೆಯೇ ಆ ಮುದ್ರೆ ಒತ್ತಿದ್ದಾರೆ. ನಾನು ನಿನಗೆ ಬರೆಯಬೇಕಾದರೂ ಈಗ ನಡುವೆ ಅವಳಿರಬೇಕು.

*

ಕಲ್ಕತ್ತ
25 ನವೆಂಬರ್ 1971

ಜಲಜಾ,

ಈ ಕವರನ್ನು ಪುಟ್ಟಲಕ್ಷ್ಮಿ ಟೀಚರ್ ವಿಳಾಸಕ್ಕೆ ಹಾಕಿದ್ದೇನೆ. ಇದನ್ನು ಅಪ್ಪ ಗಟ್ಟಿಯಾಗಿ ಓದುವುದು ಬೇಡ. ಓದಿ ಹರಿದುಹಾಕು.

ನಿನ್ನ ಬೇಡಿಕೆ ಫಲಿಸಿತು. ನೀನು ನಡೆದ ಭಾನುವಾರ ಸಂಜೆಯೇ ಶಿಬಿರದಿಂದ ಒಬ್ಬ ಸ್ವಯಂಸೇವಕ ಬಂದ. ಮಿನತಿಯ ಅಣ್ಣ ಬದುಕಿದ್ದಾನೆ, ಗಡಿಯ ಹತ್ತಿರದ ಬೇರೊಂದು ಶಿಬಿರದಲ್ಲಿದ್ದಾನೆ ಎಂದು ಹೇಳಿದ. ಗುರುವಾರ ಅವನೇ ಬಂದು ಕರೆದುಕೊಂಡು ಹೋದ. ನಿನ್ನ ಕಾಗದ ಬಂದದ್ದು ಅದರ ಮಾರನೇ ದಿನ. ಇಪ್ಪತ್ಮೂರು ಜನ ಅವಳ ಹೆಸರು ಹೇಳಿಕೊಂಡು ನಡೆದದ್ದನ್ನು ನಿನ್ನ ಭಾವನಿಗೂ ಓದಿ ಹೇಳಿದೆ. ನಿನ್ನ ಮನಸ್ಸು ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ನಿನ್ನನ್ನು ಇನ್ನೂ ಚಿಕ್ಕವಳು ಅಂದುಕೊಂಡು ಏನೂ ಹೇಳದೆ ಇದ್ದದ್ದಕ್ಕೆ ನಾಚಿಕೆಯಾಗುತ್ತಿದೆ. ಈಗ ಹೇಳುತ್ತೇನೆ.

ನನಗೆ ಜ್ವರ ಬಂದಿರಲಿಲ್ಲ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂದು ಅಮ್ಮನಿಗೂ ಬರೆದಿರಲಿಲ್ಲ. ಆಗಸ್ಟ್ ಹದಿನೆಂಟರಂದು ಶಿಬಿರದಲ್ಲಿ ಬಡಿಸುತ್ತಿರುವಾಗ ರಕ್ತ ಹೋಗಲು ಶುರುವಾಯಿತು. ನಿಂತಲ್ಲೇ ಬಿದ್ದೆ. ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಒಬ್ಬ ಹುಡುಗಿ ತಟ್ಟೆ ಎಸೆದು ಓಡಿಬಂದಳು. ಅವಳ ಹತ್ತಿರ ಇದ್ದದ್ದು ಉಟ್ಟ ಸೀರೆ ಒಂದೇ. ಅದರಲ್ಲಿ ಅರ್ಧ ಹರಿದು ನನಗೆ ಸುತ್ತಿದಳು. ಉಳಿದ ಅರ್ಧದಲ್ಲಿ ತಾನು ಮೈ ಮುಚ್ಚಿಕೊಂಡು ಜೀಪಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯವರೆಗೂ ಬಂದಳು. ಮಗು ಉಳಿಯಲಿಲ್ಲ.

ಮನೆಗೆ ಬಂದ ದಿನ ಅವಳಿಗೆ ಉಡಲು ಕೊಡಬೇಕಿತ್ತು. ಪೆಟ್ಟಿಗೆ ತೆರೆದೆ. ನಿನ್ನ ಹಸಿರು ಸೀರೆ ಎಲ್ಲಕ್ಕಿಂತ ಮೇಲಿತ್ತು. ದಿನಾ ತೆಗೆದು ನೋಡಿ ಇಡುತ್ತಿದ್ದೆನಲ್ಲ, ಅದಕ್ಕೇ ಮೇಲಿತ್ತು. ಮೆತ್ತನೆಯ ಸೀರೆ ನಾನು ಕೇಳಿದ್ದು ನನಗಾಗಿ.

ಮೂರು ತಿಂಗಳು ಅವಳು ನನ್ನನ್ನು ಬಾಣಂತಿಯ ಹಾಗೆ ನೋಡಿಕೊಂಡಳು. ಅಮ್ಮ ಬಂದಿದ್ದರೆ ಅಳುತ್ತಿದ್ದಳು. ನೀನು ಬಂದಿದ್ದರೆ ನನ್ನನ್ನು ಆ ಸ್ಥಿತಿಯಲ್ಲಿ ನೋಡುತ್ತಿದ್ದೆ. ಮಿನತಿ ಅಳಲೂ ಇಲ್ಲ, ಏನೂ ಕೇಳಲೂ ಇಲ್ಲ.

ಈಗ ಕೋಣೆ ಖಾಲಿಯಿದೆ. ಮಧ್ಯಾಹ್ನದ ಹೊತ್ತು ಮನೆ ಬಹಳ ದೊಡ್ಡದೆನಿಸುತ್ತದೆ. ಸಾರು ಮಾಡಿದರೆ ಸಕ್ಕರೆ ಹಾಕಬೇಕೆನ್ನಿಸುತ್ತದೆ. ನೀನು ಯಾವಾಗ ಬೇಕಾದರೂ ಬಾ.

ಅಕ್ಕ

*

ರಾಜಾಜಿನಗರ
ಗುರುವಾರ, 2 ಡಿಸೆಂಬರ್ 1971

ಅಕ್ಕ,

ನಿನ್ನ ಕಾಗದವನ್ನು ಟೀಚರ್ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದಿದೆ. ಹರಿದುಹಾಕಲು ಆಗಲಿಲ್ಲ. ಟೀಚರ್ ಕಾಫಿ ತಂದಿಟ್ಟರು. ಅದು ಆರಿಹೋಯಿತು.

ನಿನ್ನನ್ನು ನೋಡಲು ಬರಬೇಕು, ನಿನ್ನ ಪಕ್ಕದಲ್ಲಿ ಕೂರಬೇಕು. ಆದರೆ ಮೊದಲು ಇದನ್ನು ಹೇಳದೆ ಬರಲಾರೆ.

ನನ್ನ ಮನಸ್ಸು ದೊಡ್ಡದಲ್ಲ. ಸೆಪ್ಟೆಂಬರಿನಿಂದ ನಾನು ಒಂದೇ ಒಂದು ದಿನ ಆ ಹುಡುಗಿಯನ್ನು ಮರುಕದಿಂದ ನೆನೆಯಲಿಲ್ಲ. ನನ್ನ ಕೋಣೆ, ನನ್ನ ಸೀರೆ, ನನ್ನ ಅಕ್ಕ ಎಂದೇ ಲೆಕ್ಕ ಹಾಕುತ್ತಿದ್ದೆ. ಮೆತ್ತಗಿನ ಸೀರೆಗಳು ಮನೆಯಲ್ಲಿದ್ದವು. ಅಮ್ಮನ ಬೀರುವಿನಲ್ಲಿ ಆರಿದ್ದವು. ಅವು ಅವಳಿಗೆಂದುಕೊಂಡು ನಾನೇ ಹುಡುಕಿ ಹುಡುಕಿ ಗಂಜಿ ಹಾಕಿದವನ್ನು ಕಳಿಸಿದೆ. ಅವು ನಿನ್ನ ಮೈಗೆ ತಾಗಿದವೆಂದು ಈಗ ತಿಳಿಯಿತು. ಕಿರುಬೆರಳ ಸಾಲನ್ನು ಓದಿದ ಮೇಲೆ ನಾನು ವಾರವಿಡೀ ಕಿರುಬೆರಳು ಮಡಚಿಕೊಂಡು ಊಟ ಮಾಡಿದೆ.

ಕೆಂಗೇರಿಯಲ್ಲಿ ನಾನು ಬೇಡಿಕೊಂಡದ್ದು ನಿಜ. ಅವಳ ಅಣ್ಣ ಸಿಗಲಿ ಎಂದೇ. ಆದರೆ ಅವಳು ಸುಖವಾಗಿರಲಿ ಎಂದಲ್ಲ. ನಿನ್ನ ಮನೆ ಬಿಟ್ಟು ಹೋಗಲಿ ಎಂದು. ಅಷ್ಟು ಒಳ್ಳೆಯ ಮಾತಿನೊಳಗೆ ಅದನ್ನು ಇಟ್ಟಿದ್ದರಿಂದ ಟೀಚರ್ ನನ್ನ ತಲೆ ಸವರಿದರು. ಹೆಜ್ಜೆಹೆಜ್ಜೆಗೂ ಅದನ್ನೇ ಹೇಳಿಕೊಂಡೆ. ಹನುಮಯ್ಯ ಅವಳ ಹೆಸರು ಕೂಗಿದಾಗಲೆಲ್ಲ ನನಗೆ ಉರಿಯುತ್ತಿತ್ತು. ನಾನು ಫಸ್ಟ್ ಕ್ಲಾಸ್ ತಂದಾಗ ಯಾರೂ ಬೀದಿಯಲ್ಲಿ ನನ್ನ ಹೆಸರು ಕೂಗಲಿಲ್ಲ ಅನ್ನಿಸುತ್ತಿತ್ತು. ಇಂಥ ಕ್ಷುಲ್ಲಕ ಯೋಚನೆ ಮಾಡುತ್ತಾ ನಾನು ಎಂಟು ಮೈಲಿ ಬರಿಗಾಲಲ್ಲಿ ನಡೆದೆ. ದೇವರು ಮಾತನ್ನು ಮಾತ್ರ ಕೇಳಿಸಿಕೊಂಡನೋ, ಒಳಗಿನದನ್ನೂ ಕೇಳಿಸಿಕೊಂಡೇ ಕೊಟ್ಟನೋ ತಿಳಿಯದು. ಎರಡನೆಯದೇ ಆದರೆ ನನಗೆ ಭಯವಾಗುತ್ತದೆ. ನಿನ್ನನ್ನು ನೋಡಿಕೊಳ್ಳುತ್ತಿದ್ದವಳನ್ನು ನಾನು ಬೇಡಿ ಬೇಡಿ ಕಳಿಸಿದೆ.

ಮುನಿತಾಯಮ್ಮನ ಸೀರೆಯನ್ನು ಅಂದು ಗಾಡಿಗೆ ಹಾಕದೆ ಇದ್ದದ್ದೂ ಭಕ್ತಿಗಲ್ಲ. ಇಷ್ಟು ಚೆಂದದ್ದು ಅವಳಿಗೇಕೆ ಎನ್ನಿಸಿತು, ಅಷ್ಟೇ. ಇವತ್ತು ಅದನ್ನು ಪಾರ್ಸೆಲ್ ಮಾಡಿದ್ದೇನೆ. ಜೊತೆಗೆ ಅಮ್ಮನ ಆರು ಸೀರೆಗಳಿವೆ, ಅವು ನಿನಗೆ. ಕೆಂಪು ಸೀರೆ ಮಿನತಿಗೆ ಮುಟ್ಟಿಸು, ಅವಳು ಎಲ್ಲಿದ್ದರೂ. ಈ ಕಾಗದವನ್ನೂ ಅವಳಿಗೆ ಓದಿ ಹೇಳು. ಒಂದು ಸಾಲನ್ನೂ ಬಿಡಬೇಡ.

ಇದೆಲ್ಲ ತಿಳಿದ ಮೇಲೂ ನೀನು ಬಾ ಎಂದರೆ ಬರುತ್ತೇನೆ. ಅಲ್ಲಿಯವರೆಗೆ ಎಂ.ಎ. ಅರ್ಜಿ ತುಂಬುವುದಿಲ್ಲ.

ಜಲಜಾ

*

ರಾಜಾಜಿನಗರ
ಭಾನುವಾರ, 19 ಡಿಸೆಂಬರ್ 1971

ಅಕ್ಕ,

ಯುದ್ಧ ಶುರುವಾದ ದಿನದಿಂದ ನಿನ್ನ ಕಾಗದವಿಲ್ಲ. ಕಲ್ಕತ್ತದಲ್ಲಿ ದೀಪ ಹಚ್ಚುವಂತಿಲ್ಲವಂತೆ. ಯುದ್ಧ ಮುಗಿಯಿತೆಂದು ನಮ್ಮ ಬೀದಿಯಲ್ಲಿ ಸಕ್ಕರೆ ಹಂಚಿದರು. ಚನ್ನಮಲ್ಲಪ್ಪನವರು ಒಂದು ಬೆಲ್ ಕೂಡ ಹೊಡೆಯದೆ ಸೈಕಲ್ ತಳ್ಳಿಕೊಂಡು ಹೋಗುತ್ತಾರೆ. ಟಪಾಲು ತಡವೋ, ನಿನ್ನ ಸಿಟ್ಟೋ? ಸಿಟ್ಟಾದರೆ ಹಾಗೆಂದೇ ಒಂದು ಸಾಲು ಬರೆ. ಕ್ಷೇಮವಾಗಿದ್ದೀಯೆಂದಾದರೂ ಗೊತ್ತಾಗುತ್ತದೆ.

ಜಲಜಾ

*

ಕಲ್ಕತ್ತ
9 ಜನವರಿ 1972

ಚಿ. ಜಲಜಾಳಿಗೆ,

ಕ್ಷೇಮವಾಗಿದ್ದೇವೆ. ಸಿಟ್ಟು ಬಂದಿತ್ತು. ಟಪಾಲು ತಡವೆಂದು ಸುಳ್ಳು ಹೇಳಬಹುದಿತ್ತು, ನೀನು ಅಷ್ಟೆಲ್ಲ ನಿಜ ಬರೆದ ಮೇಲೆ ಮನಸ್ಸು ಬರಲಿಲ್ಲ. ನಿನ್ನ ಕಾಗದ ಓದಿ ಮೂರು ದಿನ ನಿನ್ನ ಭಾವನ ಹತ್ತಿರವೂ ಸರಿಯಾಗಿ ಮಾತನಾಡಲಿಲ್ಲ. ಗಂಜಿ ಸೀರೆಯ ಸಾಲು ಬಹಳ ಚುಚ್ಚಿತು. ಆಮೇಲೆ, ನಾನೂ ನಿನ್ನಿಂದ ಬಚ್ಚಿಟ್ಟೆನಲ್ಲ ಎನ್ನಿಸಿತು. ಹೇಳಿದ್ದರೆ ನೀನು ಮೈಮೇಲಿನದನ್ನೇ ಬಿಚ್ಚಿ ಕಳಿಸುತ್ತಿದ್ದೆ.

ನಿರಾಶ್ರಿತರು ವಾಪಸು ಹೊರಟಿದ್ದಾರೆ. ನಿನ್ನೆ ಮಿನತಿ ಅಣ್ಣನ ಜೊತೆ ಹೇಳಿಹೋಗಲು ಬಂದಿದ್ದಳು. ಅವರ ಮನೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ನೋಡಬೇಕು ಎಂದಳು. ನೀನು ಹೇಳಿದ ಹಾಗೇ ಮಾಡಿದೆ. ನನ್ನ ಹರಕು ಬಂಗಾಳಿಯಲ್ಲಿ ನಿನ್ನ ಕಾಗದವನ್ನು ಓದಿ ಹೇಳಿದೆ, ಒಂದು ಸಾಲನ್ನೂ ಬಿಡದೆ. ಅವಳು ನೆಲ ನೋಡುತ್ತಾ ಕೇಳಿದಳು. ನೊಂದುಕೊಂಡಳು, ಯಾಕಾದರೂ ಓದಿದೆನೋ ಅಂದುಕೊಂಡೆ. ನೋಡಿದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ.

"ದೀದಿ, ನಿಮ್ಮ ತಂಗಿ ಯಾವಾಗ ಬರ್ತಾಳೆ ಅಂತ ನಾನು ದಿನಾ ಕೇಳ್ತಿದ್ನಲ್ಲ, ಯಾಕೆ ಅಂದ್ಕೊಂಡಿದ್ರಿ? ಅವಳು ಬಂದ್ರೆ ಆ ಕೋಣೆಯಿಂದ ನಾನು ಎಲ್ಲಿಗೆ ಹೋಗ್ಲಿ? ಅವಳ ರೈಲು ತಪ್ಪಲಿ, ಅವಳಿಗೆ ಅಲ್ಲೇ ಮದುವೆ ಆಗ್ಲಿ ಅಂತ ದಿನಾ ದೀಪ ಹಚ್ಚುವಾಗ ಬೇಡ್ಕೋತಿದ್ದೆ" ಅಂದಳು.

ನಾನು ಹಣೆ ಚಚ್ಚಿಕೊಂಡೆ. ನಿಮ್ಮಿಬ್ಬರಿಗೂ ಹೊಂದುತ್ತದೆ ಎಂದು ಬರೆದಿದ್ದೆನಲ್ಲ.

ಹಸಿರು ಸೀರೆಯನ್ನು ಒಗೆದು, ಮಡಿಕೆ ಹಾಕಿ ತಂದಿದ್ದಳು. ಬೇಡವೆಂದರೂ ಕೇಳದೆ ಕೋಣೆಯ ಮಂಚದ ಮೇಲೆ ತಾನೇ ಇಟ್ಟಳು. ಅಂಚು ಬಣ್ಣ ಬಿಟ್ಟಿಲ್ಲ, ನೀನು ಹೇಳಿದಂತೆ ಬೇರೆಯಾಗಿಯೇ ನೆನೆಸಿದ್ದಾಳೆ. ಕೆಂಪು ಸೀರೆ ಕೊಟ್ಟು, ಮಿನತಮ್ಮ ದೇವರ ಕಥೆ ಹೇಳಿದೆ. ಅದಕ್ಕೆ ಇನ್ನೂ ನಗುತ್ತಾಳೆ ಅಂದುಕೊಂಡರೆ, ನಗು ನಿಂತುಹೋಯಿತು. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅಂಚು ಸವರಿದಳು.

"ಆ ತಾಯಿ ಕೇಳಿದ್ದನ್ನ ನಾನೇನು ಕೊಡೋಕಾಗುತ್ತೆ? ಬೇಡ್ಕೋಬಹುದು. ಊರಲ್ಲಿ ನಮ್ಮ ಕಾಳಿ ಗುಡಿ ಉಳಿದಿದ್ರೆ ಅಲ್ಲಿ ಈ ಸೀರೆ ಉಟ್ಕೊಂಡು ಹೋಗಿ ಬೇಡ್ಕೋತೀನಿ. ಮಗಳ ಹೆಸರೇನಂತೆ?" ಎಂದು ಕೇಳಿದಳು.

ನನಗೆ ಗೊತ್ತಿಲ್ಲ ಅಂದೆ. ನಿನ್ನ ಕಾಗದದಲ್ಲಿ ಇರಲಿಲ್ಲ.

"ಹೆಸರಿಲ್ದೆ ಹೇಗೆ ಬೇಡ್ಕೊಳ್ಳಿ ದೀದಿ?" ಎಂದು, ತನ್ನ ಊರಿನ ವಿಳಾಸ ಬರೆಸಿ ಹೋಗಿದ್ದಾಳೆ.

ಹೊರಡು. ಅರ್ಜಿಯನ್ನು ಇಲ್ಲೇ ತುಂಬೋಣ. ಆದರೆ ಟಿಕೆಟ್ ತೆಗೆಸುವ ಮೊದಲು ನಾಯಂಡಹಳ್ಳಿಗೆ ಹೋಗಿ ಮುನಿತಾಯಮ್ಮನಿಗೆ ನಿಜ ಹೇಳು. ಹೇಳಿ, ಆ ಹುಡುಗಿಯ ಹೆಸರು ಕೇಳಿಕೊಂಡು ಬಾ. ಈ ಸಲ ಹನುಮಯ್ಯನನ್ನು ಕರೆದುಕೊಂಡು ಹೋಗಬೇಡ. ಬಾಯಿ ಬರದಿದ್ದರೆ ಬರುವವರೆಗೆ ಅವಳ ಬಾಗಿಲಲ್ಲೇ ನಿಂತಿರು.

ಅಕ್ಕ